‘ಚ್ಚ್’ ಎಂಬ ಅಕ್ಷರದ ಜಾಡು ಹಿಡಿದು

‘ಹಚ್ಚು’ ಎಂಬ ಪದವನ್ನು ಇಂಗ್ಲಿಷ್ ಕೀಲಿಗಳಲ್ಲಿ ಒತ್ತಿ ಕನ್ನಡ ಮಾಡಿಕೊಳ್ಳುವವರು, ಕೊನೆಯ ಉಕಾರ ಬೀಳುವ ಮೊದಲು ಪರದೆಯನ್ನೊಮ್ಮೆ ನೋಡಬೇಕು. ಕ್ಷಣಕಾಲ ಅಲ್ಲಿ ‘ಹಚ್ಚ್’ ಎಂದಿರುತ್ತದೆ. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುವ ಜಾಯಮಾನದವು, ಹಾಗಾಗಿ ಆ ರೂಪ ನಿಘಂಟಿನಲ್ಲಿ ಸಿಗುವುದಿಲ್ಲ. ಆಡುಮಾತನ್ನು ಆಡಿದ ಹಾಗೇ ಬರೆಯುವ ಕತೆಗಾರರ ಸಂಭಾಷಣೆಗಳಲ್ಲಿ ಒಮ್ಮೊಮ್ಮೆ ಇಣುಕೀತು. ಬೆರಳು ಮುಂದಿನ ಕೀಲಿಗೆ ಹೋದೊಡನೆ ಮಾಯವಾಗುವ ಈ ‘ಚ್ಚ್’ಗೆ, ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಂದು ತಂತ್ರಾಂಶದ ಒಳಗೆ ಕಾಯಂ ಜಾಗ ಸಿಕ್ಕಿದೆ. ಅದು ಅಲ್ಲಿಗೆ ಹೇಗೆ ಬಂತು ಎಂದು ಹುಡುಕುತ್ತ ಹೋದ ಕತೆ ಇದು.

ಆ ತಂತ್ರಾಂಶದ ಹೆಸರು ಹಾರ್ಫ್‌ಬಜ್. ಆಂಡ್ರಾಯ್ಡ್ ಫೋನು, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲೂ ಅಕ್ಷರಗಳನ್ನು ಜೋಡಿಸಿ ಕೊಡುವ ಕೆಲಸ ಇದರದು. ಕೊಬ್ಬರಿ ಎಂಬ ಪದವನ್ನೇ ತೆಗೆದುಕೊಳ್ಳಿ. ತಿಪಟೂರು ಮಾರುಕಟ್ಟೆಯ ಧಾರಣೆ ಫೋನಿಗೆ ಬಂದಾಗ ನಮ್ಮೂರು ಕೆಂಕೆರೆಯ ರೈತರ ಕಣ್ಣು ಮೊದಲು ಹುಡುಕುವುದು ಈ ಪದವನ್ನು. ಫೋನಿನ ಒಳಗೆ ಅದು ಏಳು ಸಂಕೇತಗಳ ಸರ: ಕ, ಒಕಾರದ ಚಿಹ್ನೆ, ಬ, ಹಲಂತ (ವ್ಯಂಜನದ ಸ್ವರ ಕಳೆಯುವ ಚಿಹ್ನೆ), ಬ, ರ, ಗುಡಿಸು. ಯೂನಿಕೋಡ್ ಈ ಸರವನ್ನು ಉಚ್ಚಾರದ ಕ್ರಮದಲ್ಲಿ ಕಾದಿಡುತ್ತದೆ, ಅಷ್ಟೆ. ಒಕಾರವನ್ನು ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡಾಗಿ ಒಡೆದು ‘ಕ’ದ ತಲೆಗೊಂದು, ಬಲಕ್ಕೊಂದು ಹೊಂದಿಸಬೇಕು. ಎರಡನೆಯ ‘ಬ’ ಕುಗ್ಗಿ ಮೊದಲನೆಯದರ ಅಡಿಗೆ ಒತ್ತಾಗಿ ಇಳಿಯಬೇಕು. ‘ರ’ಕ್ಕೆ ಗುಡಿಸು ಬೆಸೆದು ‘ರಿ’ ಆಗಬೇಕು. ಇಷ್ಟನ್ನೂ ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಮಾಡಿ ಮುಗಿಸುವುದು ಹಾರ್ಫ್‌ಬಜ್. ಒತ್ತಕ್ಷರ ಎಲ್ಲಿ ಕೂರಬೇಕು, ಅರ್ಕಾವೊತ್ತು ಎಲ್ಲಿಗೆ ಜಾರಬೇಕು ಎಂಬ ನಮ್ಮ ಲಿಪಿಯ ಜ್ಞಾನವೆಲ್ಲ ಅಲ್ಲಿ ಕೋಡ್ ಆಗಿ ಕುಳಿತಿದೆ.

ಅದರಲ್ಲಿ ಭಾರತೀಯ ಲಿಪಿಗಳಿಗೆಂದೇ ಒಂದು ಉದ್ದನೆಯ ಕಡತವಿದೆ. ಅದರ ನಡುಭಾಗದಲ್ಲಿ, ಕೋಡ್ ಬರೆದವರು ಮುಂದಿನವರಿಗೆಂದು ಬಿಟ್ಟ ಒಂದು ಟಿಪ್ಪಣಿ ಕಾಣುತ್ತದೆ. ಅದರ ಸಾರ ಹೀಗೆ. ಹಳೆಯ ಕ್ರಮದಲ್ಲಿ ತಯಾರಾದ ಫಾಂಟುಗಳಿಗೆ ಅಕ್ಷರ ಜೋಡಿಸುವಾಗ, ನಡುವಿನ ಹಲಂತವನ್ನು ತೆಗೆದು ಕೊನೆಯ ವ್ಯಂಜನದ ಆಚೆಗೆ ಸಾಗಿಸಬೇಕೆಂಬ ನಿಯಮವಿದೆ. ಮೈಕ್ರೋಸಾಫ್ಟ್‌ನ ಇಂಥದೇ ತಂತ್ರಾಂಶವಾದ ಯೂನಿಸ್ಕ್ರೈಬ್ ಈ ನಿಯಮವನ್ನು ಮಲಯಾಳಂ, ಬಂಗಾಳಿ, ದೇವನಾಗರಿಗಳಲ್ಲಿ ಹಿಂದೆಮುಂದೆ ನೋಡದೆ ಪಾಲಿಸುತ್ತದೆ. ಕನ್ನಡದಲ್ಲಿ ಮಾತ್ರ, ಕೊನೆಯಲ್ಲಿ ಆಗಲೇ ಒಂದು ಹಲಂತ ಇದ್ದರೆ ಸುಮ್ಮನಿರುತ್ತದೆ. ಉಳಿದ ಲಿಪಿಗಳ ವಿಷಯ ಸದ್ಯಕ್ಕೆ ತಿಳಿಯದು, ಆದ್ದರಿಂದ ಕನ್ನಡವೊಂದನ್ನೇ ಹೊರಗಿಟ್ಟಿದ್ದೇವೆ. ಪರೀಕ್ಷೆಗೆ ಉದಾಹರಣೆ: ಚ, ಹಲಂತ, ಚ, ಹಲಂತ. ಲೋಹಿತ್ ಕನ್ನಡ ಫಾಂಟಿನ ಕೆಲವು ಆವೃತ್ತಿಗಳಲ್ಲಿ ನೋಡಿ. ಕೊನೆಗೆ, ಈ ತೊಂದರೆಯನ್ನು ಯಾರೋ ಬರೆದು ತಿಳಿಸಿದ ದೂರಿನ ಸಂಖ್ಯೆ.

ಆ ಟಿಪ್ಪಣಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ದೊಡ್ಡ ದೊಡ್ಡ ಕಂಪನಿಗಳು ನೆಚ್ಚಿಕೊಂಡಿರುವ ಕೋಡಿನಲ್ಲಿ ನಮ್ಮ ಲಿಪಿಗೆ ಬೇರೆಯದೇ ನಡವಳಿಕೆ ಇದೆ ಎಂದು ಒಪ್ಪಿಕೊಂಡು, ಸಾಕ್ಷಿ ಸಮೇತ ಬರೆದಿಟ್ಟಿದ್ದಾರೆ. ಬರೆದವರು ಕನ್ನಡಿಗರಲ್ಲ. ಹಾರ್ಫ್‌ಬಜ್‌ನ ಈ ಭಾಗವನ್ನು ಕಟ್ಟಿದವರಲ್ಲಿ ಪ್ರಮುಖರು ಇರಾನ್‌ನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಬೆಹದಾದ್ ಎಸ್ಫಹಬೋದ್.

ನನಗೆ ಈ ಟಿಪ್ಪಣಿಯ ದಾರಿ ತೋರಿಸಿದ್ದು ಒಂದು ಚಲನಚಿತ್ರ. ಗೋರ್ಸ್ ಎಂಬ ಉಚಿತ ತಂತ್ರಾಂಶವಿದೆ. ನ್ಯೂಜಿಲೆಂಡಿನ ಆಂಡ್ರ್ಯೂ ಕಾಡ್ವೆಲ್ 2009ರಲ್ಲಿ ಹೊರತಂದದ್ದು. ಯಾವುದೇ ತಂತ್ರಾಂಶದ ಕೋಡ್ ಇರುವ ಭಂಡಾರವನ್ನು, ಅಂದರೆ ಆ ಕಸುಬಿನವರು ‘ರೆಪೊ’ ಎನ್ನುವುದನ್ನು, ಇದಕ್ಕೆ ತೋರಿಸಿದರೆ ಅದರ ಇಡೀ ಚರಿತ್ರೆಯನ್ನು ಸಿನಿಮಾದಂತೆ ಓಡಿಸುತ್ತದೆ. ರೆಪೊದಲ್ಲಿ ಪ್ರತಿ ಬದಲಾವಣೆಗೂ ‘ಕಮಿಟ್’ ಎಂಬ ನಮೂದು ಇರುತ್ತದೆ: ಯಾರು, ಯಾವಾಗ, ಯಾವ ಕಡತದ ಯಾವ ಸಾಲು, ಯಾಕೆ. ಗೋರ್ಸ್ ಇವನ್ನು ದಿನಾಂಕದ ಸಾಲಿಗೆ ಓದಿಕೊಂಡು ಹೋಗುತ್ತದೆ. ಕಪ್ಪು ಹಿನ್ನೆಲೆ. ನಡುವೆ ಒಂದು ಬಿಂದು, ಅದೇ ಬೇರು. ಅಲ್ಲಿಂದ ಕೋಶಗಳು ಕೊಂಬೆಗಳಾಗಿ ಚಾಚಿಕೊಳ್ಳುತ್ತವೆ, ಕಡತಗಳು ಬಣ್ಣದ ಎಲೆಗಳಾಗಿ ಮೊಳೆಯುತ್ತವೆ. ಕೆಲಸ ಮಾಡಿದವರು ಹೆಸರು ಹೊತ್ತ ಸಣ್ಣ ಬೊಂಬೆಗಳಾಗಿ ಸುತ್ತ ಹಾರಾಡುತ್ತ, ತಾವು ಮುಟ್ಟಿದ ಎಲೆಗೆ ಬೆಳಕಿನ ಕಿರಣ ಬಿಡುತ್ತಾರೆ. ಹೊಸ ಕಡತ ಸೇರಿದರೆ ಹಸಿರು, ತಿದ್ದಿದರೆ ಕಿತ್ತಳೆ, ತೆಗೆದುಹಾಕಿದರೆ ಕೆಂಪು. ಮೂಲೆಯಲ್ಲಿ ತಾರೀಕು ಸರಿಯುತ್ತಿರುತ್ತದೆ.

ಹಾರ್ಫ್‌ಬಜ್‌ನ ಚಿತ್ರ ಓಡಿಸಿದಾಗ ವರ್ಷಗಟ್ಟಲೆ ಒಂದೇ ಬೊಂಬೆ ತೆರೆಯನ್ನು ಆಳುತ್ತದೆ, ಅದು ಬೆಹದಾದ್. ಉಳಿದವರು ಬರುತ್ತಾರೆ, ಒಂದೆರಡು ಎಲೆ ಮುಟ್ಟಿ ಮಬ್ಬಾಗುತ್ತಾರೆ. ಒಂದು ಕಡೆ ಪರೀಕ್ಷೆಯ ಕೋಶಗಳು ಗೊಂಚಲು ಗೊಂಚಲಾಗಿ ಅರಳುತ್ತವೆ, ಒಂದೊಂದು ಲಿಪಿಗೆ ಒಂದೊಂದು. ಆ ಗೊಂಚಲಿನಲ್ಲಿ ಕನ್ನಡದ ಹೆಸರಿನ ಪುಟ್ಟ ಕೊಂಬೆಯೂ ಇದೆ. ಅದನ್ನು ಕಂಡಮೇಲೆಯೇ ನಾನು ಚಿತ್ರ ನಿಲ್ಲಿಸಿ ಕೋಡಿನ ಒಳಕ್ಕೆ ಹೋದದ್ದು.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರು ಹೋಬಳಿಯಲ್ಲಿರುವ ಕೆಂಕೆರೆಯಲ್ಲಿ ಬೆಳೆದವರಿಗೆ ಮರ ನೋಡಿ ಚರಿತ್ರೆ ತಿಳಿಯುವ ಇಂಥ ಓದು ಹೊಸದಲ್ಲ. ತೆಂಗಿನ ಮರಕ್ಕೆ ಕೊಂಬೆಗಳಿಲ್ಲ, ಚರಿತ್ರೆಯೆಲ್ಲ ಕಾಂಡದಲ್ಲೇ ಇರುತ್ತದೆ. ಉದುರಿದ ಪ್ರತಿ ಗರಿಯೂ ಒಂದು ಗೆರೆ ಬಿಟ್ಟು ಹೋಗುತ್ತದೆ. ನಮ್ಮ ತಿಪಟೂರು ಎತ್ತರದ ತಳಿಯಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ ಹನ್ನೆರಡು ಗರಿ, ಅಷ್ಟೇ ಗೆರೆ. ಮಳೆ ಚೆನ್ನಾಗಿದ್ದ ವರ್ಷಗಳಲ್ಲಿ ಗೆರೆಗಳ ನಡುವೆ ಅಂತರ ಹೆಚ್ಚು. ಮಳೆ ಕೈಕೊಟ್ಟು ಕೊಳವೆಬಾವಿ ಬತ್ತಿದ ವರ್ಷಗಳಲ್ಲಿ ಗೆರೆಗಳು ಒತ್ತೊತ್ತಾಗಿ, ಕಾಂಡವೇ ಸಣ್ಣಗಾಗುತ್ತದೆ. ತೆಂಗಿನ ಕಾಂಡ ಆಮೇಲೆ ದಪ್ಪವಾಗುವುದಿಲ್ಲ, ಆ ಸೊರಗು ಮರ ಇರುವ ತನಕ ಹಾಗೇ ಉಳಿಯುತ್ತದೆ. ತೋಟಕ್ಕೆ ಕಾಲಿಟ್ಟ ಹಿರಿಯರು ಒಂದು ಮರದ ಮುಂದೆ ನಿಂತು ‘ಇದು ಬರ ಕಂಡ ಮರ’ ಅಂದುಬಿಡುತ್ತಾರೆ. ಕಮಿಟ್‌ಗಳ ಸಾಲನ್ನು ಚಿತ್ರ ಮಾಡಿದವರು ಹುಡುಕಿದ್ದೂ ಆ ಬಗೆಯ ಒಂದು ನೋಟವನ್ನು: ಲಕ್ಷಾಂತರ ನಮೂದುಗಳನ್ನು ಒಂದೊಂದಾಗಿ ಓದದೆ, ಎಲ್ಲಿ ಬೆಳೆಯಿತು, ಎಲ್ಲಿ ಸೊರಗಿತು ಎಂದು ತಿಳಿಯುವ ನೋಟ.

ಈ ಹುಡುಕಾಟಕ್ಕೆ ಮೊದಲು ದಾಖಲೆ ಇಡುವ ಅಭ್ಯಾಸ ಹುಟ್ಟಬೇಕಿತ್ತು. 1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ಕಟ್ಟಿದ ಎಸ್‌ಸಿಸಿಎಸ್ ಇಂಥ ಮೊದಲ ಸಾಧನಗಳಲ್ಲೊಂದು. ಎಂಬತ್ತರ ದಶಕದಲ್ಲಿ ವಾಲ್ಟರ್ ಟಿಚಿಯವರ ಆರ್‌ಸಿಎಸ್ ಬಂತು, ಡಿಕ್ ಗ್ರೂನರ ಸಿವಿಎಸ್ ಬಂತು. ಅವುಗಳ ಒಳವಿವರ ಬೇಕಾದದ್ದು ಆ ಕಸುಬಿನವರಿಗೆ ಮಾತ್ರ. ನಮಗೆ ಮುಖ್ಯವಾದದ್ದು ಇಷ್ಟು: ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಯಂತ್ರದಲ್ಲಿ, ಅಳಿಸಿದ್ದನ್ನೂ ತಾರೀಕು ಹಾಕಿ ಎತ್ತಿಡಬೇಕು ಎಂಬ ಬುದ್ಧಿ ಬಂತು.

ನೋಡಲಿಕ್ಕೆ ಚಿತ್ರ ಬೇಕೆಂಬ ಆಸೆಯೂ ಬೆಲ್ ಲ್ಯಾಬ್ಸ್‌ನಲ್ಲೇ ಹುಟ್ಟಿತು. ಅವರ ಟೆಲಿಫೋನ್ ಎಕ್ಸ್‌ಚೇಂಜಿನ ಕೋಡ್ ಲಕ್ಷ ಲಕ್ಷ ಸಾಲುಗಳಿಗೆ ಬೆಳೆದು, ಯಾರೊಬ್ಬರೂ ಅದನ್ನು ಇಡಿಯಾಗಿ ಕಾಣುವ ಸ್ಥಿತಿ ಉಳಿದಿರಲಿಲ್ಲ. ಸ್ಟೀಫನ್ ಐಕ್ ಮತ್ತು ಸಂಗಡಿಗರು 1992ರಲ್ಲಿ ಸೀಸಾಫ್ಟ್ ಎಂಬ ಸಾಧನದ ಬಗ್ಗೆ ಬರೆದರು. ಪ್ರತಿ ಕಡತ ಒಂದು ಕಂಬ, ಪ್ರತಿ ಸಾಲು ಕೂದಲೆಳೆಯಷ್ಟು ತೆಳುವಾದ ಒಂದು ಗೆರೆ. ಈಚೆಗೆ ತಿದ್ದಿದ ಸಾಲು ಕೆಂಪು, ಬಹಳ ಕಾಲದಿಂದ ಯಾರೂ ಮುಟ್ಟದ್ದು ನೀಲಿ. ಒಂದೇ ಪರದೆಯಲ್ಲಿ 50 ಸಾವಿರ ಸಾಲು. ಅಕ್ಷರ ಓದಲಾಗದಿದ್ದರೂ ಯಾವ ಕಂಬ ಕುದಿಯುತ್ತಿದೆ, ಯಾವುದು ತಣ್ಣಗಿದೆ ಎಂಬುದು ಬಾಗಿಲಲ್ಲಿ ನಿಂತೇ ತಿಳಿಯುತ್ತಿತ್ತು. ಆಮೇಲೆ ಬಂದ ಎಲ್ಲ ಬಣ್ಣಬಣ್ಣದ ಪ್ರಯೋಗಗಳಿಗಿಂತ ನನಗೆ ಇದೇ ಹೆಚ್ಚು ಹಿಡಿಸುತ್ತದೆ. ಅದರಲ್ಲಿ ಒಂದು ಸಾಲಿಗೂ ಒಂದು ಗೆರೆಯ ಮರ್ಯಾದೆ ಇತ್ತು.

2003ರಲ್ಲಿ ಫರ್ನಾಂಡಾ ವಿಯೇಗಸ್ ಮತ್ತು ಮಾರ್ಟಿನ್ ವಾಟನ್‌ಬರ್ಗ್ ಎಂಬಿಬ್ಬರು ಐಬಿಎಂನಲ್ಲಿ ವಿಕಿಪೀಡಿಯದ ಲೇಖನಗಳ ಬದಲಾವಣೆಯನ್ನು ಬಣ್ಣದ ಪಟ್ಟಿಗಳಾಗಿ ಬಿಡಿಸಿದರು. ಚಾಕೊಲೇಟ್ ಕುರಿತ ಇಂಗ್ಲಿಷ್ ಲೇಖನದ ಚಿತ್ರದಲ್ಲಿ ಗರಗಸದ ಹಲ್ಲಿನಂಥ ಒಂದು ಅಂಕುಡೊಂಕು ಎದ್ದು ಕಂಡಿತು. ಚಾಕೊಲೇಟಿನಿಂದ ಮಾಡುವ ಒಂದು ಬಗೆಯ ಶಿಲ್ಪ ನಿಜಕ್ಕೂ ಇದೆಯೇ ಇಲ್ಲವೇ ಎಂದು ಇಬ್ಬರು ಹಟಕ್ಕೆ ಬಿದ್ದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತ ನಡೆಸಿದ ಜಗಳ ಅದು. ಲೇಖನವನ್ನು ಮಾತ್ರ ಓದಿದವರಿಗೆ ಆ ಜಗಳದ ಸುಳಿವೂ ಸಿಗುತ್ತಿರಲಿಲ್ಲ. 2008ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿದ್ದ ಮೈಕೆಲ್ ಒಗಾವಾ, ಕೋಡ್‌ಸ್ವಾರ್ಮ್ ಎಂಬ ಹೆಸರಿನಲ್ಲಿ ಪೈಥಾನ್, ಅಪಾಚೆ ಮುಂತಾದ ತಂತ್ರಾಂಶಗಳ ಚರಿತ್ರೆಯನ್ನು ಮಿಣುಕುವ ಕಣಗಳ ಚಲನಚಿತ್ರವಾಗಿ ಮಾಡಿದರು. ಅದರ ಮರುವರ್ಷ ಬಂದದ್ದು ಗೋರ್ಸ್.

ಗೋರ್ಸ್‌ನಲ್ಲಿ ಯಾರಾದರೂ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಅಧಿಕೃತ ರೆಪೊ ಓಡಿಸಿದರೆ ಮೊದಲ ಕ್ಷಣವೇ ಬೆಚ್ಚಿಬೀಳುತ್ತಾರೆ. ಬೀಜ, ಮೊಳಕೆ ಯಾವುದೂ ಇಲ್ಲ. 17 ಸಾವಿರಕ್ಕೂ ಹೆಚ್ಚು ಕಡತಗಳು ಒಮ್ಮೆಗೇ ಸ್ಫೋಟಿಸಿ ಇಡೀ ಹೆಮ್ಮರ ಎದ್ದು ನಿಲ್ಲುತ್ತದೆ. ತಾರೀಕು 2005ರ ಏಪ್ರಿಲ್ 16. ಲಿನಕ್ಸ್ ಹುಟ್ಟಿದ್ದು 1991ರಲ್ಲಿ. ನಡುವಿನ ಹದಿನಾಲ್ಕು ವರ್ಷ ಎಲ್ಲಿ ಹೋಯಿತು ಎಂಬ ಪ್ರಶ್ನೆಯ ಹಿಂದೆ ಒಂದು ಜಗಳವಿದೆ, ಅದನ್ನು ಬಿಡಿಸಿ ಹೇಳಲೇಬೇಕು.

ಲಿನಕ್ಸ್‌ಗೆ ಮೊದಲ ಹತ್ತು ವರ್ಷ ಯಾವ ದಾಖಲೆ ವ್ಯವಸ್ಥೆಯೂ ಇರಲಿಲ್ಲ. ತಿದ್ದುಪಡಿಗಳು ಇಮೇಲಿನಲ್ಲಿ ಬರುತ್ತಿದ್ದವು, ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವನ್ನು ಸೇರಿಸಿ ಹೊಸ ಕಂತೆ ಬಿಡುಗಡೆ ಮಾಡುತ್ತಿದ್ದರು. 2002ರಿಂದ ಅವರು ಬಿಟ್‌ಕೀಪರ್ ಎಂಬ ದಾಖಲೆ ಸಾಧನ ಬಳಸತೊಡಗಿದರು. ಅದು ಲ್ಯಾರಿ ಮೆಕ್‌ವಾಯ್ ಅವರ ಕಂಪನಿಯ ವ್ಯಾಪಾರಿ ಸರಕು. ಮುಕ್ತ ತಂತ್ರಾಂಶದವರಿಗೆ ಪುಕ್ಕಟೆ, ಆದರೆ ಒಂದು ಷರತ್ತು: ಬಳಸುವವರು ಇದಕ್ಕೆ ಪೈಪೋಟಿಯಾಗುವ ಸಾಧನ ಕಟ್ಟುವಂತಿಲ್ಲ. ಎಲ್ಲರಿಗೂ ಸೇರಿದ ಲಿನಕ್ಸ್‌ನ ಚರಿತ್ರೆ ಒಬ್ಬರ ಅನುಮತಿಯ ಪೆಟ್ಟಿಗೆಯೊಳಗೆ ಕೂತಿತು. ಇದನ್ನು ಒಪ್ಪದವರು ಬಹಳ ಮಂದಿ ಇದ್ದರು. ಅವರಲ್ಲಿ ಸಾಂಬಾ ತಂತ್ರಾಂಶ ಬರೆದ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಒಬ್ಬರು. ಬಿಟ್‌ಕೀಪರ್ ಸರ್ವರಿನ ಜೊತೆ ಮಾತಾಡಬಲ್ಲ ಒಂದು ಸಣ್ಣ ಉಚಿತ ಸಾಧನವನ್ನು ಅವರು ಬರೆಯತೊಡಗಿದರು. ಮೆಕ್‌ವಾಯ್ ಕೆರಳಿ ಉಚಿತ ಪರವಾನಗಿಯನ್ನೇ ಹಿಂದೆಗೆದುಕೊಂಡರು. ಟ್ರಿಜೆಲ್ ಏನೋ ಕನ್ನ ಕೊರೆದಿರಬೇಕೆಂದು ಗುಲ್ಲಾಯಿತು. ಅವರು 2005ರ ಅದೇ ಏಪ್ರಿಲ್‌ನಲ್ಲಿ ಕ್ಯಾನ್‌ಬೆರಾದ ಲಿನಕ್ಸ್ ಸಮ್ಮೇಳನದಲ್ಲಿ ಎಲ್ಲರೆದುರು ತಮ್ಮ ವಿದ್ಯೆ ಬಿಚ್ಚಿಟ್ಟರು. ಟೆಲ್ನೆಟ್ ಮೂಲಕ ಆ ಸರ್ವರಿಗೆ ಸಂಪರ್ಕ ಕಲ್ಪಿಸಿ ‘ಹೆಲ್ಪ್’ ಎಂದು ಒತ್ತಿದರು. ಏನೇನು ಕೇಳಬಹುದು ಎಂದು ಸರ್ವರೇ ಪಟ್ಟಿ ಕೊಟ್ಟಿತು. ಕೇಳಿದ್ದು ಅಷ್ಟೇ.

ಸಾಧನ ಕೈತಪ್ಪಿದ ಟೊರ್ವಾಲ್ಡ್ಸ್ ಏಪ್ರಿಲ್ 3ರಂದು ತಮ್ಮದೇ ಒಂದನ್ನು ಬರೆಯಲು ಕೂತರು. ಏಪ್ರಿಲ್ 7ಕ್ಕೆ ಅದು ತನ್ನ ಚರಿತ್ರೆಯನ್ನು ತಾನೇ ದಾಖಲಿಸಿಕೊಳ್ಳುವಷ್ಟು ಬಲಿತಿತ್ತು. ಅದೇ ಗಿಟ್. ಇಂದು ಬೆಂಗಳೂರಿನ ಯಾವ ತಂತ್ರಾಂಶ ಕಚೇರಿಗೆ ಹೋದರೂ ದಿನ ಶುರುವಾಗುವುದು ಗಿಟ್‌ನಿಂದ. ಲಿನಕ್ಸ್ ಅನ್ನು ಅದರೊಳಗೆ ಇಳಿಸುವಾಗ ಟೊರ್ವಾಲ್ಡ್ಸ್ ಹಳೆಯ ಚರಿತ್ರೆಯನ್ನು ತರಲಿಲ್ಲ. ಚರಿತ್ರೆ ಕೈಯಲ್ಲಿದೆ, ಆದರೆ 3.2 ಗಿಗಾಬೈಟ್ ಆಗುತ್ತದೆ, ಸದ್ಯಕ್ಕೆ ಬೇಡ, ಬೇಕಾದರೆ ಮುಂದೆ ಅದಕ್ಕೆ ಬೇರೆಯದೇ ಭಂಡಾರ ಮಾಡೋಣ ಎಂದು ಮೊದಲ ಕಮಿಟ್‌ನಲ್ಲೇ ಬರೆದರು. ಹಿಂದಿನದನ್ನು ಬೇರೆಯವರು ಆಮೇಲೆ ಬಿಟ್‌ಕೀಪರ್ ದಾಖಲೆಯಿಂದಲೂ ಹಳೆಯ ಕಂತೆಗಳಿಂದಲೂ ಹೆಕ್ಕಿ ಜೋಡಿಸಿದರು. ಅಧಿಕೃತ ರೆಪೊ ಮಾತ್ರ ಇವತ್ತಿಗೂ ಆ ಸ್ಫೋಟದಿಂದಲೇ ಆರಂಭವಾಗುತ್ತದೆ. ಯಾಕೆ ತರಲಿಲ್ಲ ಎಂಬ ಕಾರಣವನ್ನಾದರೂ ಬರೆದಿಟ್ಟರಲ್ಲ, ಅದಕ್ಕೆ ನಾನು ಕೃತಜ್ಞ.

ಹಾರ್ಫ್‌ಬಜ್‌ನ ಚರಿತ್ರೆ ಓದಿಸಿಕೊಂಡು ಹೋಗುವುದು ಇಂಥ ಬರೆದಿಡುವ ಗುಣದಿಂದ. 2012ರಲ್ಲಿ ಬೆಹದಾದ್ ಭಾರತೀಯ ಲಿಪಿಗಳ ಕೆಲಸಕ್ಕೆ ಇಳಿದಾಗ ಅವರೆದುರು ಮೈಕ್ರೋಸಾಫ್ಟ್‌ನ ಯೂನಿಸ್ಕ್ರೈಬ್ ಇತ್ತು. ಅದರ ಕೋಡ್ ಗುಟ್ಟು, ಫಲಿತಾಂಶ ಮಾತ್ರ ಬಯಲು. ಫಾಂಟುಗಳನ್ನು ಮಾಡುವವರೆಲ್ಲ ಯೂನಿಸ್ಕ್ರೈಬ್‌ನಲ್ಲಿ ಸರಿಯಾಗಿ ಕಂಡರೆ ಸಾಕೆಂದು ಮಾಡುತ್ತಿದ್ದರು, ಹೀಗಾಗಿ ಅದರ ನಡವಳಿಕೆಯನ್ನು ಹೊರಗಿನಿಂದಲೇ ಅರಿಯಬೇಕಿತ್ತು. ವಿಕಿಪೀಡಿಯದ ಪಠ್ಯಗಳಿಂದ ಪದಪಟ್ಟಿಗಳನ್ನು ಹೆಕ್ಕಿ, ಪ್ರತಿ ಪದವನ್ನೂ ಎರಡು ಕಡೆ ಜೋಡಿಸಿ, ಎಲ್ಲಿ ವ್ಯತ್ಯಾಸ ಬಂತೆಂದು ಹೋಲಿಸಿದರು. ಕನ್ನಡದ ಪಟ್ಟಿಯೇ ಒಂಬತ್ತೂವರೆ ಲಕ್ಷ ದಾಟಿತ್ತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಸಂಬಳ, ಸಂಭಾವನೆ ಇಲ್ಲದೆ ಬರೆದವರ ಪದಗಳು ಇಂಥ ಕೆಲಸಕ್ಕೂ ಬಂದವು. ಯಾವುದೋ ಹಳ್ಳಿಯ, ಕವಿಯ, ಹಕ್ಕಿಯ ಬಗ್ಗೆ ನಾಲ್ಕು ಸಾಲು ಬರೆದವರಿಗೆ, ತಮ್ಮ ಪದ ಒಂದು ದಿನ ಲೋಕದ ಫೋನುಗಳಿಗೆ ಒತ್ತಕ್ಷರ ಕಲಿಸೀತೆಂಬ ಕಲ್ಪನೆ ಇದ್ದಿರಲಾರದು.

ಆ ತಿಂಗಳುಗಳ ಕಮಿಟ್‌ಗಳಲ್ಲಿ ಒಂದು ಅಪರೂಪದ ರೂಢಿ ಕಾಣುತ್ತದೆ. ಬದಲಾವಣೆಯ ಕೆಳಗೆ ಲಿಪಿವಾರು ಅಂಕಪಟ್ಟಿ: ಎಷ್ಟು ಪದ ಪಾಸು, ಎಷ್ಟು ಫೇಲು, ಶೇಕಡಾ ಎಷ್ಟು. ಒಂದು ಕಮಿಟ್‌ನಿಂದ ಇನ್ನೊಂದಕ್ಕೆ ಅಂಕಿಗಳು ಇಳಿಯುತ್ತ ಬರುತ್ತವೆ. ತಮಿಳಿನ ಹತ್ತು ಲಕ್ಷ ಮೀರಿದ ಪಟ್ಟಿಯಲ್ಲಿ ತಪ್ಪು ಒಂದೇ ಒಂದಕ್ಕೆ ಇಳಿದಾಗ, ಕನ್ನಡದ್ದು ಇನ್ನೂ ಕೆಲವು ನೂರರಲ್ಲಿ ನಿಂತಿತ್ತು. ನಮ್ಮ ಒತ್ತು, ಅರ್ಕಾವೊತ್ತುಗಳು ಕಲಿಯಲು ಸುಲಭವಲ್ಲ. ಹೀಗೆ ಲಕ್ಷಾಂತರ ಪದಗಳು ಪಾಸಾದ ಮೇಲೂ ‘ಚ್ಚ್’ನಂಥ ರೂಪ ನುಸುಳಿಕೊಂಡಿತ್ತು, ಅಂಥದು ವಿಕಿಪೀಡಿಯದ ಪ್ರಬಂಧಗಳಲ್ಲಿ ಎಲ್ಲಿ ಸಿಗಬೇಕು? ಪರದೆಯನ್ನು ಗಮನವಿಟ್ಟು ನೋಡಿದ ಯಾರೋ ದೂರು ಕೊಟ್ಟಿದ್ದರಿಂದ ಆ ವಿನಾಯಿತಿ ಬಂತು.

ಕನ್ನಡಕ್ಕೆಂದೇ ಬರೆದ ಇನ್ನೊಂದು ತುಂಡೂ ಅದೇ ಕಡತದಲ್ಲಿದೆ, 2017ರ ಚರ್ಚೆಯೊಂದರ ಫಲ. ‘ಸೂರ್ಯ’ ಎಂದು ಬರೆದಾಗ ರಕಾರ ಅರ್ಕಾವೊತ್ತಾಗಿ ಹಿಂದಕ್ಕೆ ಹೋಗುವುದು ಸರಿ. ಆದರೆ ‘ರ್‍ಯಾಂಕ್’, ‘ರ್‍ಯಾಲಿ’ ಬರೆಯುವಾಗ ರ ಮೇಲೆಯೇ ನಿಂತು ಯಕಾರ ಅದರ ಕೆಳಗೆ ಒತ್ತಾಗಬೇಕು. ಹಾಗಾಗಲು ಝಡ್‌ಡಬ್ಲ್ಯುಜೆ ಎಂಬ ಕಣ್ಣಿಗೆ ಕಾಣದ ಸಂಕೇತವನ್ನು ನಡುವೆ ಸೇರಿಸಬೇಕು. ಸೇರಿಸುವುದು ಹಲಂತದ ಮುಂಚೆಯೋ ಆಮೇಲೋ? ಯೂನಿಕೋಡ್ ಹೇಳುವುದು ಮುಂಚೆ. ಬಹಳ ಕಾಲದಿಂದ ಬರೆದು ಪೇರಿಸಿದ ಕನ್ನಡದ ಬರಹಗಳಲ್ಲಿ ಆಮೇಲೆ ಹಾಕಿರುವುದೂ ಉಂಟು. ಹಾರ್ಫ್‌ಬಜ್ ಕನ್ನಡ ಎಂದು ಗುರುತಿಸಿದೊಡನೆ ಆ ಎರಡನ್ನು ಅದಲುಬದಲು ಮಾಡಿಕೊಂಡು, ಎರಡೂ ಕ್ರಮವನ್ನು ಒಂದೇ ಎಂದು ಓದುತ್ತದೆ. ಹಳೆಯ ರೂಢಿಯೊಂದಿಗೆ ಹೊಂದಿಕೊಳ್ಳಲು ಹೀಗೆ ಮಾಡಿದ್ದೇವೆಂದು ಪಕ್ಕದಲ್ಲೇ ಬರೆದು, ಆ ಚರ್ಚೆ ಎಲ್ಲಿದೆಯೆಂದೂ ತೋರಿಸಿದ್ದಾರೆ. ನಮ್ಮ ದಿನಪತ್ರಿಕೆಗಳ ಜಾಲತಾಣಗಳಲ್ಲಿ ರ್‍ಯಾಂಕ್ ಪಡೆದ ಮಕ್ಕಳ ಸುದ್ದಿ ನೆಟ್ಟಗೆ ಕಾಣುವುದರ ಹಿಂದೆ ಈ ನಾಲ್ಕಾರು ಸಾಲುಗಳ ಪಾಲಿದೆ.

ಗೋರ್ಸ್ ಚಿತ್ರದಲ್ಲಿ ಈ ಎರಡು ಘಟನೆಗಳು ಹೇಗೆ ಕಾಣುತ್ತವೆ? ಒಂದು ಎಲೆಗೆ ಒಂದು ಕಿತ್ತಳೆ ಕಿರಣ, ಅರೆಕ್ಷಣ, ಮುಗಿಯಿತು. ಕಡತಗಳನ್ನು ಗುಂಪಾಗಿ ಬೇರೆ ಕೋಶಕ್ಕೆ ಸಾಗಿಸಿದರೆ ತೆರೆಯ ತುಂಬ ಕೆಂಪು–ಹಸಿರು ಸಿಡಿಮದ್ದು. ಕನ್ನಡದ ಸ್ವಭಾವವನ್ನು ಅರಿತು ಬರೆದ ಒಂದು ಸಾಲಿಗೂ, ಖಾಲಿ ಜಾಗ ಸರಿಪಡಿಸಿದ ಒಂದು ಸಾಲಿಗೂ ಅಲ್ಲಿ ಒಂದೇ ಬೆಳಕು. ಚಟುವಟಿಕೆ ಕಾಣುತ್ತದೆ, ತೂಕ ಕಾಣುವುದಿಲ್ಲ. ತೂಕ ತಿಳಿಯಬೇಕಾದರೆ ಸಾಲಿನ ಪಕ್ಕದ ಟಿಪ್ಪಣಿ ಓದಬೇಕು. ಟಿಪ್ಪಣಿ ಇಲ್ಲದೆ ಹೋಗಿದ್ದರೆ, ಮುಂದೆ ಬಂದ ಯಾರೋ ಅಚ್ಚುಕಟ್ಟು ಮಾಡುವ ಭರದಲ್ಲಿ ‘ಈ ಕನ್ನಡಕ್ಕೊಂದು ಬೇರೆ ನಿಯಮ ಯಾಕೆ’ ಎಂದು ಅಳಿಸಿಹಾಕಿಬಿಡಬಹುದಿತ್ತು.

ಇದನ್ನೆಲ್ಲ ನೋಡಿದ ಮೇಲೆ ನನಗೆ ನಮ್ಮದೇ ತಂತ್ರಾಂಶಗಳ ಚರಿತ್ರೆಯನ್ನು ಇದೇ ರೀತಿ ಓಡಿಸಿ ನೋಡುವ ಆಸೆಯಾಯಿತು. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡದ ವರ್ಣಮಾಲೆಯ ತರ್ಕವನ್ನೇ ಆಧರಿಸಿ ರೂಪಿಸಿದ ಕೀಲಿಮಣೆ ವಿನ್ಯಾಸ, ಅವರು ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಕಟ್ಟಿದ ‘ಸೇಡಿಯಾಪು’ ತಂತ್ರಾಂಶ. 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ಸರ್ಕಾರ ಎಲ್ಲರಿಗೂ ಹಂಚಿದ ‘ನುಡಿ’. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶ. ಬರಹ, ನುಡಿಗಳಿಗೆ ಮುಂಚೆ ಶ್ರೀಲಿಪಿ, ಆಕೃತಿ, ಪ್ರಕಾಶಕಗಳ ಕಾಲ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಕಲಸುಮೇಲೋಗರ. ಆ ಗೋಜಲಿನಿಂದ ಕನ್ನಡವನ್ನು ಎತ್ತಲೇಬೇಕೆಂದು ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯಂಥವರೂ ದನಿ ಎತ್ತಿದ್ದರು. ಒಂದು ಭಾಷೆ ಯಂತ್ರದೊಳಗೆ ಕಾಲಿಟ್ಟ ಕಾಲ ಅದು. ಮುದ್ದಣನ ಹಸ್ತಪ್ರತಿಗೆ, ಕಿಟ್ಟೆಲ್ ನಿಘಂಟಿನ ಅಚ್ಚುಮೊಳೆಗಳಿಗೆ ನಾವು ಕೊಡುವ ಬೆಲೆಯನ್ನೇ ಇವಕ್ಕೂ ಕೊಡಬೇಕಿತ್ತು.

ಓಡಿಸಲು ಏನೂ ಸಿಗುವುದಿಲ್ಲ. ಆ ಮೊದಲ ವರ್ಷಗಳ ಯಾವ ತಂತ್ರಾಂಶಕ್ಕೂ ಸಾರ್ವಜನಿಕರು ತೆರೆದು ನೋಡಬಹುದಾದ ಕಮಿಟ್‌ಗಳ ಸಾಲು ಇಲ್ಲ. ಹಿಂದೆ ನುಡಿ ಮತ್ತು ಬರಹದ ನಡುವೆ, ಯಾವುದರಲ್ಲಿ ಯಾವುದರ ಅಂಶವಿದೆ ಎಂಬ ವಾಗ್ವಾದ ಪತ್ರಿಕೆಗಳವರೆಗೂ ಬಂದದ್ದು ಹಲವರಿಗೆ ನೆನಪಿರಬಹುದು. ಅದರಲ್ಲಿ ಯಾರ ಪರ ನಿಲ್ಲುವುದೂ ಈ ಲೇಖನದ ಕೆಲಸವಲ್ಲ. ನನ್ನ ಸಂಕಟ ಬೇರೆ. ಸಾಲು ಸಾಲಿಗೆ ತಾರೀಕು, ಹೆಸರು ಇರುವ ದಾಖಲೆ ಜನರ ಮುಂದಿದ್ದಿದ್ದರೆ ಓದುಗರು ತಾವೇ ನೋಡಿ ತಿಳಿಯುತ್ತಿದ್ದರು. ಅದಿಲ್ಲದೆ ಮಾತಿಗೆ ಮಾತು ಬೆಳೆದು, ಎರಡೂ ಕಡೆ ದುಡಿದವರ ಮನಸ್ಸು ನೊಂದಿತು. ಚಾಕೊಲೇಟಿನ ಶಿಲ್ಪದ ಜಗಳಕ್ಕೆ ಒಂದು ಚಿತ್ರ ಉಳಿಯಿತು. ನಮ್ಮ ಲಿಪಿಯ ಜಗಳಕ್ಕೆ ಹಳೆಯ ಪತ್ರಿಕೆಗಳ ತುಣುಕು ಮಾತ್ರ ಉಳಿದಿದೆ. ಜನರ ತೆರಿಗೆಯಲ್ಲಿ ತಯಾರಾದ ತಂತ್ರಾಂಶಕ್ಕಾದರೂ ಸರ್ಕಾರ ಮೊದಲ ದಿನದಿಂದ ಮುಕ್ತ ರೆಪೊ ಇರಬೇಕೆಂದು ಷರತ್ತು ಹಾಕಬೇಕಿತ್ತು. ಗಿಟ್ ಆಗ ಹುಟ್ಟಿರಲಿಲ್ಲ ಎಂಬ ಸಮಾಧಾನ ನಡೆಯುವುದಿಲ್ಲ. ಸಿವಿಎಸ್ ಇತ್ತು, ಪುಕ್ಕಟೆಯೂ ಆಗಿತ್ತು.

ಹೋದದ್ದನ್ನು ಮರಳಿ ಕಟ್ಟುವ ದಾರಿಯೊಂದನ್ನು ಅಥೆನ್ಸ್‌ನ ಪ್ರಾಧ್ಯಾಪಕ ಡಯೊಮಿಡಿಸ್ ಸ್ಪಿನೆಲಿಸ್ ತೋರಿಸಿದ್ದಾರೆ. ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹುಟ್ಟಿದಾಗ ಗಿಟ್ ಇರಲಿ, ಎಸ್‌ಸಿಸಿಎಸ್ ಕೂಡ ಇರಲಿಲ್ಲ. ಸ್ಪಿನೆಲಿಸ್ ಹಳೆಯ ಟೇಪು, ಸಿ.ಡಿ.ಗಳಲ್ಲಿ ಅಲ್ಲಲ್ಲಿ ಉಳಿದಿದ್ದ ಯುನಿಕ್ಸ್ ಆವೃತ್ತಿಗಳನ್ನು ಒಂದೊಂದಾಗಿ ಕೂಡಿಸಿ, ಕಡತಗಳ ಮೇಲಿದ್ದ ಹಳೆಯ ತಾರೀಕುಗಳನ್ನೇ ಕಮಿಟ್‌ನ ತಾರೀಕಾಗಿಸಿ, ಒಂದೇ ಗಿಟ್ ರೆಪೊ ಹೆಣೆದರು. 2015ರಲ್ಲಿ ಅದರ ಬಗ್ಗೆ ಪ್ರಬಂಧ ಮಂಡಿಸಿದಾಗ 44 ವರ್ಷಗಳ ಚರಿತ್ರೆ ಒಂದೆಡೆ ಸೇರಿತ್ತು. ಯಾವ ಕಡತ ಯಾರದ್ದೆಂದು ತಿಳಿಯಲು ಹಳೆಯ ಕೈಪಿಡಿಗಳನ್ನೂ ಪ್ರಬಂಧಗಳನ್ನೂ ತಿರುವಿಹಾಕಿ, ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರ ಹೆಸರನ್ನು ಅವರವರು ಬರೆದ ಭಾಗಕ್ಕೆ ಹಾಕಿದರು. ಆಮೇಲೆ, 1970ರ ಸುಮಾರಿನ ಪಿಡಿಪಿ–7 ಯಂತ್ರದ ಯುನಿಕ್ಸ್ ಕೋಡ್ ಕಾಗದದ ಮೇಲೆ ಮುದ್ರಿತವಾಗಿ ಉಳಿದಿದ್ದು ಸಿಕ್ಕಿತು. ಅದನ್ನು ಸ್ಕ್ಯಾನ್ ಮಾಡಿ, ಮತ್ತೆ ಕೀಲಿಸಿ, ಬುಡಕ್ಕೆ ಸೇರಿಸಿದರು. ಈಗ ಆ ರೆಪೊವನ್ನು ಗೋರ್ಸ್‌ಗೆ ಕೊಟ್ಟರೆ ಥಾಂಪ್ಸನ್ನರ ಬೊಂಬೆ ಎದ್ದು ಬಂದು ಕೆಲಸ ಶುರುಮಾಡುತ್ತದೆ.

ಕನ್ನಡಕ್ಕೂ ಇದನ್ನು ಮಾಡಲು ಬರುತ್ತದೆ. ತಾಲ್ಲೂಕು ಕಚೇರಿಗಳ ಬೀರುಗಳಲ್ಲಿ, ಡಿಟಿಪಿ ಅಂಗಡಿಗಳ ಡ್ರಾಯರುಗಳಲ್ಲಿ, ಪತ್ರಿಕಾಲಯಗಳ ಹಳೆಯ ಕಂಪ್ಯೂಟರುಗಳಲ್ಲಿ ನುಡಿ, ಬರಹ, ಶ್ರೀಲಿಪಿಗಳ ಆರಂಭದ ಫ್ಲಾಪಿ, ಸಿ.ಡಿ.ಗಳು ಇನ್ನೂ ಇದ್ದಾವು. ಮನೆಯಲ್ಲಿ ಬರೆದ ಸಿ.ಡಿ.ಗಳ ಪದರ ವರ್ಷಗಳು ಕಳೆದಂತೆ ಕೆಡುತ್ತದೆ, ಫ್ಲಾಪಿ ಓದುವ ಡ್ರೈವುಗಳೇ ಸಿಗದಾಗುತ್ತಿವೆ, ಆದ್ದರಿಂದ ಮೊದಲು ನಕಲು ತೆಗೆಯುವ ಕೆಲಸವಾಗಬೇಕು. ಒಂದೊಂದು ಬಿಡುಗಡೆಗೆ ಒಂದೊಂದು ಕಮಿಟ್ ಆದರೂ ಸಾಕು. ಮೂಲ ಕೋಡ್ ಇಟ್ಟುಕೊಂಡಿರುವವರು ಅದನ್ನೂ ಕೊಡುವುದಾದರೆ ಇನ್ನೂ ಒಳ್ಳೆಯದು. ತಾರೀಕು ಕಡತದಲ್ಲೇ ಇರುತ್ತದೆ, ಬರೆದವರನ್ನು ಕೇಳಿ ಕಾರಣಗಳನ್ನು ಕಮಿಟ್‌ನ ಕೆಳಗೆ ತುಂಬಿಸಬಹುದು: ಒತ್ತಕ್ಷರವನ್ನು ಈ ಜಾಗದಲ್ಲಿ ಯಾಕೆ ಇಟ್ಟಿರಿ, ಅರ್ಕಾವೊತ್ತಿಗೆ ಈ ಕೀಲಿ ಯಾಕೆ, ಈ ಫಾಂಟಿನಲ್ಲಿ ದೀರ್ಘ ಯಾಕೆ ಇಷ್ಟು ಚಾಚಿಕೊಂಡಿದೆ. ಕನ್ನಡ ವಿಶ್ವವಿದ್ಯಾಲಯವೋ ಕನ್ನಡ ಅಭಿವೃದ್ಧಿ ಪ್ರಾಧಿಕಾರವೋ ಮುಂದೆ ಬಂದು ಕೈಹಾಕಿದರೆ, ಕೆ.ಪಿ. ರಾವ್ ಅವರ ಕೀಲಿಮಣೆಯ ಸಿಕ್ಕಷ್ಟು ಹಳೆಯ ಕಡತ ಆ ರೆಪೊದ ಮೊದಲ ಕಮಿಟ್ ಆಗಲಿ. ಬರೆದವರು ಯಾರು ಎಂಬ ಜಾಗದಲ್ಲಿ ಅವರ ಹೆಸರಿರಲಿ.